ರಾತ್ರಿಭೋಜನ ತ್ಯಾಗ ಮತ್ತು ಹೃದ್ರೋಗಿಯ ಪಥ್ಯ

ಜೈನ ಗೃಹಸ್ಥನ ಮನೆಯ ಗುರುತುಗಳೆಂದು ಹಿರಿಯರು ಮೂರನ್ನು ಹೇಳುವುದುಂಟು: ನಿತ್ಯ ದೇವದರ್ಶನ, ನೀರನ್ನು ಸೋಸಿ ಕುಡಿಯುವುದು, ರಾತ್ರಿ ಊಟ ಮಾಡದಿರುವುದು. ಇವುಗಳಲ್ಲಿ ಮೂರನೆಯದಕ್ಕೆ ಇತ್ತೀಚಿನ ವರ್ಷಗಳಲ್ಲಿ ಅನಿರೀಕ್ಷಿತವಾದ ಕಡೆಯಿಂದ ಮನ್ನಣೆ ದೊರೆಯುತ್ತಿದೆ. ಹೃದಯಾಘಾತದಿಂದ ಪಾರಾಗಿ ಮನೆಗೆ ಮರಳುವ ರೋಗಿಗೆ ಉಪ್ಪು, ಜಿಡ್ಡುಗಳನ್ನು ಕಡಮೆ ಮಾಡಬೇಕೆಂಬ ಸೂಚನೆಯ ಜೊತೆಗೆ, ರಾತ್ರಿಯ ಊಟವನ್ನು ಬೇಗ ಮುಗಿಸಬೇಕೆಂಬ ಮಾತನ್ನೂ ಕೆಲವು ವೈದ್ಯರು ಹೇಳುತ್ತಾರೆ. ಅದನ್ನು ಕೇಳಿದ ಮನೆಯ ಹಿರಿಯರು, ನಮ್ಮ ಆಚಾರ್ಯರು ಇದನ್ನು ಎಂದೋ ಹೇಳಿದ್ದರು ಎಂದು ಹೆಮ್ಮೆಪಡುತ್ತಾರೆ. ಈ ಹೆಮ್ಮೆ ಸಹಜವಾದುದೇ. ಆದರೆ ಆಚಾರ್ಯರು ಹೇಳಿದುದೂ ವೈದ್ಯರು ಹೇಳುವುದೂ ಒಂದೆಯೇ ಎಂಬುದನ್ನು ವಿಚಾರಿಸದೆ ಎರಡನ್ನೂ ಸೇರಿಸಿಬಿಟ್ಟರೆ ವ್ರತಕ್ಕೂ ನ್ಯಾಯವಾಗದು, ರೋಗಿಗೂ ಹಿತವಾಗದು. ಸೂರ್ಯ ಮುಳುಗಿದ ಮೇಲೆ ನುಂಗಬೇಕಾದ ಮಾತ್ರೆಯೊಂದನ್ನು ಕೈಯಲ್ಲಿ ಹಿಡಿದು ವ್ರತಭಂಗದ ಭಯದಿಂದ ಹಿಂಜರಿಯುವ ವೃದ್ಧರು ಇಂದಿಗೂ ಇದ್ದಾರೆ. ಅವರ ಸಂದೇಹಕ್ಕೆ ಉತ್ತರ ಸಿಗಬೇಕಾದರೆ ಈ ವ್ರತದ ಇತಿಹಾಸವನ್ನು ಮೊದಲು ನೋಡಬೇಕು.

ವ್ರತದ ಮೂಲ

ರಾತ್ರಿಭೋಜನ ವಿರತಿಯು ಮೊದಲಿಗೆ ಮುನಿಧರ್ಮವಾಗಿ ಕಾಣಿಸಿಕೊಳ್ಳುತ್ತದೆ. ಶ್ವೇತಾಂಬರ ಆಗಮವಾದ ದಶವೈಕಾಲಿಕ ಸೂತ್ರದಲ್ಲಿ ಪಂಚಮಹಾವ್ರತಗಳನ್ನು ಹೇಳಿದ ಕೂಡಲೇ ಆರನೆಯ ವ್ರತವಾಗಿ ಇದನ್ನು ಹೇಳಲಾಗಿದೆ. ದಿಗಂಬರ ಮುನಿಗಳ ಆಚಾರವನ್ನು ನಿರೂಪಿಸುವ ವಟ್ಟಕೇರರ ಮೂಲಾಚಾರವು ಆಹಾರದ ಕಾಲವನ್ನು ಇನ್ನೂ ಬಿಗಿಯಾಗಿ ನಿರ್ದೇಶಿಸುತ್ತದೆ. ಸೂರ್ಯೋದಯದ ಅನಂತರದ ಮೂರು ಘಳಿಗೆ, ಸೂರ್ಯಾಸ್ತದ ಮುಂಚಿನ ಮೂರು ಘಳಿಗೆಗಳನ್ನು ಬಿಟ್ಟು, ನಡುವಿನ ಕಾಲದಲ್ಲಿ ದಿನಕ್ಕೆ ಒಂದೇ ಸಲ, ಒಂದು, ಎರಡು ಅಥವಾ ಮೂರು ಮುಹೂರ್ತಗಳ ಒಳಗೆ ಮುನಿಯು ಆಹಾರವನ್ನು ಮುಗಿಸಬೇಕು. ಘಳಿಗೆಯೆಂದರೆ 24 ನಿಮಿಷ, ಮುಹೂರ್ತವೆಂದರೆ 48 ನಿಮಿಷ. ಇದೇ ಏಕಭಕ್ತವೆಂಬ ಮೂಲಗುಣ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ಮಾತ್ರ ರಾತ್ರಿಭೋಜನ ವಿರತಿಯು ಪ್ರತ್ಯೇಕ ವ್ರತವಾಗಿ ಎಣಿಕೆಗೆ ಬಂದಿಲ್ಲ. ಕನ್ನಡನಾಡಿನ ಪೂಜ್ಯಪಾದ ದೇವನಂದಿಗಳು ತಮ್ಮ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡು ಸಮಾಧಾನ ಹೇಳಿದ್ದಾರೆ. ಅಹಿಂಸಾವ್ರತದ ಐದು ಭಾವನೆಗಳಲ್ಲಿ ಆಲೋಕಿತಪಾನಭೋಜನ, ಅಂದರೆ ಬೆಳಕಿನಲ್ಲಿ ಕಂಡು ಪರೀಕ್ಷಿಸಿ ಉಣ್ಣುವುದು ಒಂದು. ರಾತ್ರಿಭೋಜನ ತ್ಯಾಗವು ಅದರಲ್ಲಿಯೇ ಅಡಕವಾಗಿದೆ ಎಂಬುದು ಅವರ ನಿರ್ಣಯ. ಈ ವ್ರತವು ಅಹಿಂಸೆಯ ಅಂಗವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಉಣ್ಣುವವನ ದೇಹಾರೋಗ್ಯಕ್ಕಿಂತ, ಉಣ್ಣುವವನ ಕಣ್ಣಿಗೆ ಬೀಳದ ಜೀವಿಗಳ ಪ್ರಾಣವೇ ಆಚಾರ್ಯರ ಚಿಂತೆಯ ಕೇಂದ್ರ.

ಗೃಹಸ್ಥಧರ್ಮದಲ್ಲಿ ಈ ವ್ರತದ ಸ್ಥಾನವನ್ನು ಶ್ರಾವಕಾಚಾರಗಳು ವಿಸ್ತರಿಸಿವೆ. ಸಮಂತಭದ್ರರ ರತ್ನಕರಂಡಕದಲ್ಲಿ ಇದು ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಆರನೆಯದು. ಜೀವಿಗಳ ಮೇಲಿನ ಅನುಕಂಪೆಯಿಂದ ಅನ್ನ, ಪಾನ, ಖಾದ್ಯ, ಲೇಹ್ಯಗಳೆಂಬ ನಾಲ್ಕು ವಿಧದ ಆಹಾರವನ್ನು ರಾತ್ರಿ ಸೇವಿಸದವನು ಆ ಪ್ರತಿಮಾಧಾರಿ. ಹತ್ತನೆಯ ಶತಮಾನದ ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಆಕ್ಷೇಪವೊಂದನ್ನು ಎದುರಿಸುತ್ತಾರೆ. ಹಗಲು ಬಿಟ್ಟು ರಾತ್ರಿ ಉಂಡರೂ ಅಹಿಂಸೆ ಸಮನಾಯಿತಲ್ಲವೇ ಎಂಬುದು ಆಕ್ಷೇಪ. ರಾತ್ರಿಯ ಊಟದಲ್ಲಿ ರಾಗಭಾವ ಹೆಚ್ಚು. ಸೂರ್ಯನ ಬೆಳಕಿಲ್ಲದೆ ಉಣ್ಣುವವನು ದೀಪ ಹಚ್ಚಿಕೊಂಡರೂ ಆಹಾರದಲ್ಲಿ ಬೀಳುವ ಸೂಕ್ಷ್ಮಜೀವಿಗಳ ಹಿಂಸೆಯನ್ನು ತಪ್ಪಿಸಲಾರನು ಎಂಬುದು ಅವರ ಉತ್ತರ. ಶ್ವೇತಾಂಬರ ಪರಂಪರೆಯ ಹೇಮಚಂದ್ರರು ಹನ್ನೆರಡನೆಯ ಶತಮಾನದಲ್ಲಿ ಯೋಗಶಾಸ್ತ್ರದಲ್ಲಿ, ಹಗಲಿನ ಮೊದಲಲ್ಲಿ ಎರಡು ಘಳಿಗೆ, ಕೊನೆಯಲ್ಲಿ ಎರಡು ಘಳಿಗೆ ಬಿಟ್ಟು ಉಣ್ಣುವವನನ್ನು ಪ್ರಶಂಸಿಸಿದ್ದಾರೆ.

ಈ ಲೆಕ್ಕವನ್ನು ನಮ್ಮ ನಾಡಿಗೆ ಅನ್ವಯಿಸಿ ನೋಡಬಹುದು. ಬೆಂಗಳೂರಿನಲ್ಲಿ ಹಗಲಿನ ಅವಧಿ ಡಿಸೆಂಬರಿನ ಕೊನೆಯಲ್ಲಿ ಸುಮಾರು 11 ಗಂಟೆ 20 ನಿಮಿಷ, ಜೂನ್ ತಿಂಗಳ ಕೊನೆಯಲ್ಲಿ ಸುಮಾರು 12 ಗಂಟೆ 50 ನಿಮಿಷ. ಎರಡೂ ತುದಿಯಲ್ಲಿ ಎರಡೆರಡು ಘಳಿಗೆ ಕಳೆದರೆ ಉಣ್ಣಲು ಉಳಿಯುವ ಕಾಲ ಒಂಬತ್ತೂಮುಕ್ಕಾಲು ಗಂಟೆಯಿಂದ ಹನ್ನೊಂದೂಕಾಲು ಗಂಟೆ. ಇಂದು ಕಾಲಮಿತಿಯ ಆಹಾರಕ್ರಮವೆಂಬ ಹೆಸರಿನಿಂದ ಸಂಶೋಧಕರು ಪರೀಕ್ಷಿಸುತ್ತಿರುವ ಹತ್ತು ಗಂಟೆಯ ಅವಧಿಗೆ ಇದು ಬಹಳ ಹತ್ತಿರ. ಆದರೆ ಇದೇ ವ್ರತವನ್ನು ಲಂಡನ್ನಿನಲ್ಲಿ ಪಾಲಿಸುವ ಕುಟುಂಬಕ್ಕೆ ಚಳಿಗಾಲದ ಹಗಲು ಎಂಟು ಗಂಟೆಗೂ ಕಡಮೆ, ಬೇಸಿಗೆಯ ಹಗಲು ಹದಿನಾರೂವರೆ ಗಂಟೆಗೂ ಹೆಚ್ಚು. ವ್ರತದ ಅಳತೆಗೋಲು ಸೂರ್ಯ, ವೈದ್ಯಶಾಸ್ತ್ರದ ಅಳತೆಗೋಲು ಗಡಿಯಾರ. ನಮ್ಮ ನಾಡಿನಲ್ಲಿ ಇವೆರಡೂ ಹೊಂದಿಕೊಂಡಿರುವುದು ಭೂಗೋಳದ ಅನುಗ್ರಹವೆಂದೇ ಹೇಳಬೇಕು.

ದೀಪ ಬದಲಾದಾಗ

ಬಹುಕಾಲದವರೆಗೆ ಈ ವ್ರತವು ಕೃಷಿಪ್ರಧಾನ ಸಮಾಜದ ದಿನಚರಿಗೆ ಅನುಕೂಲವಾಗಿಯೇ ಇತ್ತು. ಎಣ್ಣೆಯ ದೀಪದ ಬೆಳಕಿನಲ್ಲಿ ಅಡುಗೆ ಊಟಗಳೆರಡೂ ಕಷ್ಟ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಮೊದಲಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಮುಂದೆ ನಗರಗಳಲ್ಲಿ ಕಚೇರಿ, ಕಾರ್ಖಾನೆ, ಅಂಗಡಿಗಳ ವೇಳೆಯು ಸೂರ್ಯನ ಹಿಡಿತದಿಂದ ಬಿಡುಗಡೆಯಾದಂತೆ ಮನೆಯ ಊಟದ ವೇಳೆಯೂ ಹಿಂದಕ್ಕೆ ಸರಿಯಿತು. ಹೀಗೆ ರಾತ್ರಿಭೋಜನ ತ್ಯಾಗವು ಅನೇಕ ಮನೆಗಳಲ್ಲಿ ಪರ್ವದಿನಗಳ ಆಚರಣೆಯಾಗಿ ಕುಗ್ಗಿತು. ಬೆಳಕು ಇಷ್ಟು ಪ್ರಖರವಾಗಿರುವಾಗ ವ್ರತದ ಅಗತ್ಯವೇನು ಎಂಬ ಪ್ರಶ್ನೆಯನ್ನು ಹೊಸ ತಲೆಮಾರು ಕೇಳಿತು. ದೀಪಕ್ಕೆ ಮುತ್ತುವ ಹುಳುಗಳನ್ನು ಮಳೆಗಾಲದಲ್ಲಿ ಕಂಡವರಿಗೆ ಅಮೃತಚಂದ್ರರ ಉತ್ತರ ಇನ್ನೂ ಹಳತಾಗಿಲ್ಲ. ಪ್ರಖರವಾದ ದೀಪಕ್ಕೆ ಮುತ್ತುವ ಜೀವಿಗಳೂ ಹೆಚ್ಚು.

ವಿಜ್ಞಾನ ಕಂಡುಕೊಂಡುದು

ಇದೇ ಕಾಲದಲ್ಲಿ ವಿಜ್ಞಾನವು ಬೇರೊಂದು ದಾರಿಯಿಂದ ಹಗಲುರಾತ್ರಿಗಳ ಭೇದವನ್ನು ಗುರುತಿಸತೊಡಗಿತು. 1971ರಲ್ಲಿ ಕೊನೋಪ್ಕಾ ಮತ್ತು ಬೆಂಜರ್ ಎಂಬ ವಿಜ್ಞಾನಿಗಳು ಹಣ್ಣುನೊಣಗಳಲ್ಲಿ ದಿನದ ಲಯವನ್ನು ನಿಯಂತ್ರಿಸುವ ವಂಶವಾಹಿಯ ಸುಳಿವನ್ನು ಕಂಡರು. ಈ ಜೈವಿಕ ಗಡಿಯಾರದ ಒಳಗುಟ್ಟನ್ನು ಬಿಡಿಸಿದ ಹಾಲ್, ರೋಸ್‌ಬಾಶ್ ಮತ್ತು ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಮೆದುಳಿನಲ್ಲಿ ಮಾತ್ರವಲ್ಲದೆ ಯಕೃತ್ತು, ಮೇದೋಜೀರಕಾಂಗ, ಹೃದಯ ಮೊದಲಾದ ಅಂಗಗಳಲ್ಲಿಯೂ ಇಂಥ ಗಡಿಯಾರಗಳಿವೆ. ಆರೋಗ್ಯವಂತನ ರಕ್ತದೊತ್ತಡ ರಾತ್ರಿ ನಿದ್ರೆಯಲ್ಲಿ ಇಳಿಯುತ್ತದೆ. ಸಕ್ಕರೆಯನ್ನು ಅರಗಿಸುವ ಸಾಮರ್ಥ್ಯ ಬೆಳಗಿನಲ್ಲಿ ಹೆಚ್ಚು, ರಾತ್ರಿ ಕಡಮೆ. ಹೃದಯಾಘಾತಗಳು ಬೆಳಗಿನ ಹೊತ್ತಿನಲ್ಲಿ ಹೆಚ್ಚಾಗಿ ಸಂಭವಿಸುತ್ತವೆಂಬುದು 1985ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿಯಿತು.

2012ರಲ್ಲಿ ಅಮೆರಿಕೆಯ ಸಾಲ್ಕ್ ಸಂಸ್ಥೆಯಲ್ಲಿ ಭಾರತ ಮೂಲದ ಸಚ್ಚಿದಾನಂದ ಪಾಂಡಾ ಮತ್ತು ಅವರ ಸಂಗಡಿಗರು ಇಲಿಗಳಿಗೆ ಜಿಡ್ಡಿನ ಆಹಾರವನ್ನು ನೀಡಿ ಪರೀಕ್ಷಿಸಿದರು. ಹೊತ್ತುಗೊತ್ತಿಲ್ಲದೆ ತಿಂದ ಇಲಿಗಳು ಬೊಜ್ಜು ಬೆಳೆಸಿಕೊಂಡವು. ಅಷ್ಟೇ ಆಹಾರವನ್ನು ಎಂಟು ಗಂಟೆಯೊಳಗೆ ತಿಂದವು ಬಹುಮಟ್ಟಿಗೆ ಆರೋಗ್ಯವಾಗಿ ಉಳಿದವು. 2015ರ ಅವರ ಮತ್ತೊಂದು ಅಧ್ಯಯನದಲ್ಲಿ, ಪರೀಕ್ಷೆಗೊಳಗಾದ ಜನರಲ್ಲಿ ಅರ್ಧದಷ್ಟು ಮಂದಿ ದಿನದ ಹದಿನಾಲ್ಕೂಮುಕ್ಕಾಲು ಗಂಟೆಗೂ ಮೀರಿ ಏನಾದರೂ ತಿನ್ನುತ್ತಲೇ ಇರುತ್ತಾರೆಂಬುದು ಕಂಡಿತು. ಈ ತಿಳಿವು ಮೂಕಜೀವಿಗಳ ಮೇಲಿನ ಪ್ರಯೋಗದಿಂದ ದೊರೆತುದೆಂಬುದು ಅಹಿಂಸಾಧರ್ಮೀಯರಿಗೆ ನೋವಿನ ಸಂಗತಿ. ಜೀವಿಗಳನ್ನು ಉಳಿಸಲೆಂದು ಹುಟ್ಟಿದ ವ್ರತಕ್ಕೆ ಜೀವಿಗಳನ್ನು ನೋಯಿಸಿ ಪಡೆದ ಪ್ರಮಾಣಪತ್ರವನ್ನು ತೋರಿಸಿ ಮೆರೆಯುವ ಮುನ್ನ ಈ ಮಾತನ್ನು ನೆನೆಯಬೇಕು.

ಮನುಷ್ಯರಲ್ಲಿ ನಡೆದ ಪರೀಕ್ಷೆಗಳು ಚಿಕ್ಕವು, ಆದರೆ ಗಮನಾರ್ಹವಾದವು. 2018ರಲ್ಲಿ ಅಮೆರಿಕೆಯ ಅಲಬಾಮಾದಲ್ಲಿ ಮಧುಮೇಹದ ಅಂಚಿನಲ್ಲಿದ್ದ ಎಂಟು ಪುರುಷರು ಐದು ವಾರ ದಿನದ ಆರು ಗಂಟೆಯೊಳಗೆ, ಮಧ್ಯಾಹ್ನ ಮೂರರ ಮುಂಚೆ, ಊಟ ಮುಗಿಸಿದರು. ತೂಕ ಇಳಿಯದಿದ್ದರೂ ಅವರ ರಕ್ತದೊತ್ತಡ ಇಳಿಯಿತು. 2020ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಬೊಜ್ಜು, ರಕ್ತದೊತ್ತಡ, ಸಕ್ಕರೆಯ ಏರುಪೇರುಗಳಿಂದ ಬಳಲುತ್ತಿದ್ದ 19 ಮಂದಿ ಹನ್ನೆರಡು ವಾರ ಹತ್ತು ಗಂಟೆಯ ಮಿತಿಯನ್ನು ಪಾಲಿಸಿದರು. ಅವರಲ್ಲಿ ಹೆಚ್ಚಿನವರು ಔಷಧಗಳನ್ನೂ ಸೇವಿಸುತ್ತಿದ್ದರು. ತೂಕ, ರಕ್ತದೊತ್ತಡ, ಕೊಲೆಸ್ಟರಾಲ್ ಮೂರೂ ತಗ್ಗಿದವು. ಹೃದಯಾಘಾತವಾದ ರೋಗಿಗಳನ್ನೇ ತೆಗೆದುಕೊಂಡು ಜರ್ಮನಿಯಲ್ಲಿ 48 ಮಂದಿಯ ಮೇಲೆ ನಡೆದ ಪ್ರಾಥಮಿಕ ಪರೀಕ್ಷೆಯಲ್ಲಿ, ಉಪವಾಸದ ಅವಧಿಯನ್ನು ಪಾಲಿಸಿದವರ ಹೃದಯದ ಪಂಪು ಮಾಡುವ ಸಾಮರ್ಥ್ಯ ಇತರರಿಗಿಂತ ಚೆನ್ನಾಗಿ ಚೇತರಿಸಿಕೊಂಡಿತು. ಫ್ರಾನ್ಸಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಊಟದ ವೇಳೆಯನ್ನು ಗಮನಿಸಿ 2023ರಲ್ಲಿ ಪ್ರಕಟಿಸಿದ ವರದಿಯು, ರಾತ್ರಿ ಎಂಟರೊಳಗೆ ಉಣ್ಣುವವರಿಗಿಂತ ಒಂಬತ್ತರ ಮೇಲೆ ಉಣ್ಣುವವರಲ್ಲಿ ಮೆದುಳಿನ ರಕ್ತನಾಳಗಳ ಕಾಯಿಲೆ 28 ಪ್ರತಿಶತ ಹೆಚ್ಚೆಂದು ತಿಳಿಸಿತು. ಬೆಳಗಿನ ಆಹಾರವನ್ನು ತಡಮಾಡುವುದೂ ಹಿತವಲ್ಲವೆಂದು ಅದೇ ವರದಿ ಹೇಳಿತು.

ಮಿತಿಗಳನ್ನು ಮರೆಯಬಾರದು

ಅನುಕೂಲವಾದ ಫಲಿತಾಂಶಗಳನ್ನು ಮಾತ್ರ ಆರಿಸಿ ಹೇಳುವುದು ಸತ್ಯವ್ರತಕ್ಕೆ ಒಪ್ಪುವುದಿಲ್ಲ. 2020ರ ಒಂದು ಅಮೆರಿಕನ್ ಪರೀಕ್ಷೆಯಲ್ಲಿ ಮಧ್ಯಾಹ್ನದಿಂದ ರಾತ್ರಿ ಎಂಟರವರೆಗೆ ಮಾತ್ರ ಉಂಡವರಿಗೆ ಉಳಿದವರಿಗಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ. 2022ರಲ್ಲಿ ಚೀನಾದಲ್ಲಿ 139 ಮಂದಿ ಸ್ಥೂಲಕಾಯರ ಮೇಲೆ ಒಂದು ವರ್ಷ ನಡೆದ ಪರೀಕ್ಷೆಯಲ್ಲಿ, ಆಹಾರದ ಪ್ರಮಾಣವನ್ನು ಎರಡೂ ಗುಂಪಿನಲ್ಲಿ ಸಮನಾಗಿ ಕಡಮೆ ಮಾಡಿದಾಗ, ಕಾಲಮಿತಿಯಿಂದ ಹೆಚ್ಚಿನ ಪ್ರಯೋಜನ ಸಿಗಲಿಲ್ಲ. 2024ರ ಮಾರ್ಚಿಯಲ್ಲಿ ಅಮೆರಿಕೆಯ ಹೃದ್ರೋಗ ಸಂಘದ ಸಮ್ಮೇಳನವೊಂದರಲ್ಲಿ, ಸುಮಾರು 20,000 ಜನರ ಮಾಹಿತಿಯನ್ನು ಆಧರಿಸಿ, ಎಂಟು ಗಂಟೆಗೂ ಕಡಮೆ ಅವಧಿಯಲ್ಲಿ ಉಣ್ಣುವವರಲ್ಲಿ ಹೃದ್ರೋಗದ ಮರಣ ಹೆಚ್ಚೆಂಬ ವರದಿ ಬಂದು ಜನರನ್ನು ಬೆಚ್ಚಿಬೀಳಿಸಿತು. ಅದು ಜನರು ತಾವೇ ನೆನಪಿನಿಂದ ಹೇಳಿದ ಎರಡು ದಿನಗಳ ಊಟದ ವಿವರವನ್ನು ಆಧರಿಸಿದುದು. ಕಾಯಿಲೆಯಿಂದಲೇ ಊಟ ಕುಗ್ಗಿದವರೂ ಅದರಲ್ಲಿ ಸೇರಿರಬಹುದು. ಆದುದರಿಂದ ಅದು ಕಾರಣವನ್ನು ಸ್ಥಾಪಿಸುವುದಿಲ್ಲ. ಆದರೂ ಅವಧಿಯನ್ನು ಕುಗ್ಗಿಸಿದಷ್ಟೂ ಒಳ್ಳೆಯದೆಂಬ ಭ್ರಮೆಯನ್ನು ಅದು ತಡೆಯಬೇಕು.

ಊಟದ ವೇಳೆಯಷ್ಟೇ ಊಟದ ವಸ್ತುವೂ ಮುಖ್ಯವೆಂಬುದನ್ನು 1990ರಲ್ಲಿ ಡೀನ್ ಆರ್ನಿಶ್ ಅವರು ಪ್ರಕಟಿಸಿದ ಪ್ರಸಿದ್ಧ ಪರೀಕ್ಷೆ ತೋರಿಸಿತ್ತು. ಜಿಡ್ಡು ಬಹಳ ಕಡಮೆಯಿರುವ ಸಸ್ಯಾಹಾರ, ಧೂಮಪಾನ ತ್ಯಾಗ, ನಡಿಗೆ, ಮನಸ್ಸಿನ ಶಮನ ಇವೆಲ್ಲವನ್ನೂ ಒಂದು ವರ್ಷ ಪಾಲಿಸಿದವರ ಹೃದಯದ ರಕ್ತನಾಳಗಳ ಅಡಚಣೆ ಸ್ವಲ್ಪ ತಗ್ಗಿತ್ತು. ಐದು ಗಂಟೆಗೇ ಊಟ ಮುಗಿಸಿದರೂ ತುಪ್ಪದ ಹೋಳಿಗೆ, ಕರಿದ ತಿಂಡಿ, ಹಪ್ಪಳ, ಉಪ್ಪಿನಕಾಯಿಗಳಿಂದ ಎಲೆ ತುಂಬಿದ್ದರೆ ಹೃದ್ರೋಗಿಗೆ ಸೂರ್ಯಾಸ್ತದ ಮಿತಿಯೊಂದೇ ರಕ್ಷೆಯಾಗಲಾರದು. ನಮ್ಮ ಆಚಾರ್ಯರು ಇದನ್ನೂ ಬೇರೊಂದು ಕಡೆ ಹೇಳಿದ್ದಾರೆ. ಬಾಹ್ಯತಪಸ್ಸಿನ ಆರು ಭೇದಗಳಲ್ಲಿ ಅನಶನದ ಅನಂತರ ಬರುವುದು ಅವಮೌದರ್ಯ, ಹೊಟ್ಟೆಯನ್ನು ಪೂರ್ತಿ ತುಂಬಿಸದೆ ಏಳುವುದು. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯದು 28 ತುತ್ತೆಂದು ಲೆಕ್ಕಹಾಕಿ, ಅದಕ್ಕಿಂತ ಕಡಮೆ ಉಣ್ಣುವುದನ್ನು ತಪಸ್ಸೆಂದರು. ಅದೇ ಸಾಲಿನ ರಸಪರಿತ್ಯಾಗವು ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲಸಕ್ಕರೆ, ಉಪ್ಪುಗಳನ್ನು ಶಕ್ತ್ಯನುಸಾರ ಬಿಡುವುದು. ಹೃದ್ರೋಗಿಯ ಪಥ್ಯದ ಚೀಟಿಯಲ್ಲಿ ಮೊದಲು ಬರುವ ಹೆಸರುಗಳು ಇವುಗಳಲ್ಲಿಯೇ ಇವೆ.

ಔಷಧ ಮತ್ತು ವ್ರತ

ಇನ್ನು ರಾತ್ರಿಯ ಮಾತ್ರೆಯ ಪ್ರಶ್ನೆ. ರಕ್ತನಾಳದಲ್ಲಿ ಸ್ಟೆಂಟ್ ಇರಿಸಿದವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ವೈದ್ಯರ ಅಪ್ಪಣೆಯಿಲ್ಲದೆ ಬಿಟ್ಟರೆ ಸ್ಟೆಂಟ್ ಮುಚ್ಚಿಹೋಗಿ ಪ್ರಾಣಕ್ಕೇ ಅಪಾಯವಾಗಬಹುದು. ಇನ್ಸುಲಿನ್ ಅಥವಾ ಸಕ್ಕರೆಯನ್ನು ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಂಡು ದೀರ್ಘಕಾಲ ಉಪವಾಸವಿದ್ದರೆ ಸಕ್ಕರೆ ಅತಿಯಾಗಿ ಕುಸಿದು ಎಚ್ಚರ ತಪ್ಪಬಹುದು. ಮೂತ್ರ ಹೆಚ್ಚಿಸುವ ಔಷಧ ಸೇವಿಸುವವರು ನೀರನ್ನೂ ತ್ಯಜಿಸಿದರೆ ನಿರ್ಜಲತೆ, ತಲೆಸುತ್ತು ಉಂಟಾಗಬಹುದು. ರಾತ್ರಿ ನೀರನ್ನೂ ಬಿಡುವ ಚತುರ್ವಿಧಾಹಾರ ತ್ಯಾಗವನ್ನು ಹೃದ್ರೋಗಿಯು ವೈದ್ಯರಿಗೆ ತಿಳಿಸದೆ ಕೈಗೊಳ್ಳಬಾರದು.

ಶಾಸ್ತ್ರವು ಈ ವಿಷಯದಲ್ಲಿ ಕುರುಡಾಗಿಲ್ಲ. ಹದಿಮೂರನೆಯ ಶತಮಾನದಲ್ಲಿ ಮಾಳವದಲ್ಲಿ ಬಾಳಿದ ಪಂಡಿತ ಆಶಾಧರರು, ತಾವೇ ಗೃಹಸ್ಥರಾಗಿದ್ದವರು, ಸಾಗಾರಧರ್ಮಾಮೃತದಲ್ಲಿ ಆರಂಭದ ಹಂತದ ಪಾಕ್ಷಿಕ ಶ್ರಾವಕನ ಬಗ್ಗೆ ಹೇಳುವ ಮಾತು ಮನನೀಯವಾಗಿದೆ. ಆಶ್ರಿತರನ್ನು ಪೋಷಿಸಿ, ಆಶ್ರಿತರಲ್ಲದ ದೀನರಿಗೂ ಕರುಣೆಯಿಂದ ಉಣಿಸಿ, ಅನಂತರ ಅವನು ಹಗಲಿನಲ್ಲಿ ಉಣ್ಣಬೇಕು. ನೀರು, ಔಷಧ, ತಾಂಬೂಲ, ಏಲಕ್ಕಿ ಮೊದಲಾದುವನ್ನು ರಾತ್ರಿಯೂ ಸೇವಿಸಬಹುದು. ಮೇಲಿನ ಪ್ರತಿಮೆಗಳನ್ನು ಏರಿದವರಿಗೆ ನಿಯಮ ಬಿಗಿಯಾಗುತ್ತದೆ ನಿಜ. ಆದರೆ ಸಾಮಾನ್ಯ ಗೃಹಸ್ಥನ ಮಾತ್ರೆಯನ್ನು ಎಂಟು ಶತಮಾನಗಳ ಹಿಂದೆಯೇ ಗ್ರಂಥಕಾರರು ಪರಿಗಣನೆಗೆ ತೆಗೆದುಕೊಂಡಿದ್ದರು. ತ್ಯಾಗ, ತಪಸ್ಸುಗಳೆರಡೂ ಶಕ್ತಿಗನುಸಾರ ಇರಬೇಕೆಂಬುದು ತೀರ್ಥಂಕರತ್ವಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿಯೇ ಅಡಕವಾಗಿದೆ.

ಔಷಧವನ್ನು ಬಿಡುವುದೇ ವೈರಾಗ್ಯವೆಂದು ತಿಳಿಯುವವರು ಸಮಂತಭದ್ರರನ್ನು ಮತ್ತೊಮ್ಮೆ ಓದಬೇಕು. ಸಲ್ಲೇಖನವನ್ನು ಅವರು ಹೇಳುವುದು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಮಾತ್ರ. ಇಂದು ಹೃದ್ರೋಗದ ಬಹುಭಾಗಕ್ಕೆ ಪ್ರತೀಕಾರವಿದೆ. ಪ್ರತೀಕಾರವಿರುವ ರೋಗದಲ್ಲಿ ಔಷಧವನ್ನು ತ್ಯಜಿಸುವುದಕ್ಕೆ ಆ ಮಾತಿನ ಆಧಾರ ಸಿಗದು. ಜೈನರಲ್ಲಿ ವೈದ್ಯವಿದ್ಯೆಯ ಪರಂಪರೆಯೂ ಹಿರಿದಾದುದು. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಮಾಂಸವು ಔಷಧವಲ್ಲವೆಂದು ವಾದಿಸಿದ ಉಗ್ರಾದಿತ್ಯರು ಸಂಸ್ಕೃತದಲ್ಲಿ ಕಲ್ಯಾಣಕಾರಕವನ್ನು ರಚಿಸಿದರು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಕನ್ನಡದಲ್ಲಿ ಕರ್ಣಾಟಕ ಕಲ್ಯಾಣಕಾರಕವನ್ನು ಬರೆದನು. ಇವರಿಬ್ಬರೂ ಮದ್ಯಮಾಂಸಗಳನ್ನು ದೂರವಿಟ್ಟು ಚಿಕಿತ್ಸೆಯ ಕ್ರಮವನ್ನು ಕಟ್ಟಿದರೇ ಹೊರತು, ಅಹಿಂಸೆಯ ಹೆಸರಿನಲ್ಲಿ ಚಿಕಿತ್ಸೆಯನ್ನೇ ಕೈಬಿಡಲಿಲ್ಲ.

ವ್ರತವನ್ನು ಬಿಗಿಯಾಗಿ ಪಾಲಿಸಲೇಬೇಕೆನ್ನುವವರಿಗೆ ಇಂದು ಸುಗಮವಾದ ದಾರಿಯೂ ಇದೆ. ರಕ್ತದೊತ್ತಡದ ಮಾತ್ರೆಯನ್ನು ಬೆಳಿಗ್ಗೆ ಸೇವಿಸಬೇಕೋ ಸಂಜೆ ಸೇವಿಸಬೇಕೋ ಎಂಬುದನ್ನು ಬ್ರಿಟನ್ನಿನಲ್ಲಿ 21,104 ರೋಗಿಗಳ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಲಾಯಿತು. ಹೃದಯಾಘಾತ, ಪಾರ್ಶ್ವವಾಯು, ಮರಣಗಳ ದೃಷ್ಟಿಯಿಂದ ಎರಡಕ್ಕೂ ವ್ಯತ್ಯಾಸವಿಲ್ಲವೆಂದು ತಿಳಿಯಿತು. ಕೊಲೆಸ್ಟರಾಲ್ ಇಳಿಸುವ ಔಷಧಗಳಲ್ಲಿ ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್‌ಗಳನ್ನು ದಿನದ ಯಾವ ಹೊತ್ತಿನಲ್ಲಿಯಾದರೂ ಸೇವಿಸಬಹುದು. ಆದುದರಿಂದ ರೋಗಿಯು ತನ್ನ ವ್ರತವನ್ನು ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಿದರೆ ಅನೇಕ ಮಾತ್ರೆಗಳನ್ನು ಸೂರ್ಯಾಸ್ತದ ಒಳಗೆ ಹೊಂದಿಸಿಕೊಡುವುದು ಸಾಧ್ಯ. ವೇಳೆಯನ್ನು ಬದಲಿಸುವುದು ವೈದ್ಯರ ಕೆಲಸ. ಮಾತ್ರೆಯನ್ನು ಬಚ್ಚಿಡುವುದು ರೋಗಿಯ ಕೆಲಸವಾಗಬಾರದು.

ಮನೆ ಮತ್ತು ಬಸದಿಯ ಹೊಣೆ

ಈ ವಿಷಯದಲ್ಲಿ ಬಸದಿಗಳ ಆಡಳಿತ ಸಮಿತಿಗಳಿಗೂ ಕೆಲಸವಿದೆ. ಪೂಜೆ, ವಿಧಾನ, ಪಂಚಕಲ್ಯಾಣಗಳ ಸಂದರ್ಭದಲ್ಲಿ ಸಂಜೆಯ ಊಟವನ್ನು ಸೂರ್ಯಾಸ್ತಕ್ಕೆ ಮುಂಚೆ ಬಡಿಸುವ ಪದ್ಧತಿ ಇದೆ, ಅದು ಶ್ಲಾಘ್ಯ. ಆದರೆ ಹೊತ್ತು ಮೀರುವ ಆತುರದಲ್ಲಿ ಹೊಟ್ಟೆ ಬಿರಿಯುವಂತೆ ಉಣಿಸುವುದು ಅವಮೌದರ್ಯಕ್ಕೆ ವಿರುದ್ಧ. ಒಂದು ಪಂಕ್ತಿಯಲ್ಲಾದರೂ ಉಪ್ಪು, ಎಣ್ಣೆ, ಸಿಹಿ ಕಡಮೆಯಿರುವ ಅಡುಗೆಯನ್ನು ಇರಿಸಿದರೆ ಹೃದ್ರೋಗಿಗಳೂ ಮಧುಮೇಹಿಗಳೂ ಸಂಕೋಚವಿಲ್ಲದೆ ಊಟಕ್ಕೆ ಕೂರಬಹುದು. ಮದುವೆಯ ಆರತಕ್ಷತೆಗಳನ್ನು ಸಂಜೆಯ ಮುಂಚೆಯೇ ಮುಗಿಸುವ ನಿರ್ಧಾರವನ್ನು ಕುಟುಂಬಗಳು ಕೈಗೊಂಡರೆ ವ್ರತಿಗಳಿಗೂ ರೋಗಿಗಳಿಗೂ ಏಕಕಾಲದಲ್ಲಿ ಉಪಕಾರವಾಗುತ್ತದೆ. ಮನೆಯಲ್ಲಿ ಒಬ್ಬರು ಕಾಯಿಲೆಯಿಂದ ಎದ್ದಾಗ ಅವರೊಬ್ಬರಿಗೇ ಬೇಗ ಬಡಿಸಿ ಉಳಿದವರು ಹತ್ತು ಗಂಟೆಗೆ ಉಣ್ಣುವುದಕ್ಕಿಂತ, ಇಡೀ ಮನೆಯೇ ಸಂಜೆಯೂಟಕ್ಕೆ ಮರಳುವುದು ರೋಗಿಗೆ ನಿಜವಾದ ಬೆಂಬಲ.

ವ್ರತಿಯು ನಿಶ್ಶಲ್ಯನಾಗಿರಬೇಕೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಮಾಯೆ, ಮಿಥ್ಯಾದರ್ಶನ, ನಿದಾನಗಳೆಂಬ ಮೂರು ಮುಳ್ಳುಗಳಲ್ಲಿ ನಿದಾನವೆಂದರೆ ಫಲದ ಆಸೆ. ಹೃದಯ ಗುಣವಾಗಲೆಂಬ ಒಂದೇ ಆಸೆಯಿಂದ ಸಂಜೆ ಬೇಗ ಉಣ್ಣುವುದು ಒಳ್ಳೆಯ ಪಥ್ಯ. ಅದನ್ನು ಪಥ್ಯವೆಂದು ಕರೆಯುವುದರಲ್ಲಿ ಅವಮಾನವೇನೂ ಇಲ್ಲ. ಕಾಣದ ಜೀವಿಯ ಮೇಲಿನ ಕರುಣೆ ಅದರೊಡನೆ ಸೇರಿದಾಗ ಅದು ವ್ರತವಾಗುತ್ತದೆ. ನಾಳೆ ಯಾವುದೋ ಪರೀಕ್ಷೆಯು ಬೇಗ ಉಣ್ಣುವುದರಿಂದ ಹೃದಯಕ್ಕೆ ವಿಶೇಷ ಲಾಭವಿಲ್ಲವೆಂದು ಹೇಳಿದರೆ ಪಥ್ಯ ಬದಲಾಗಬಹುದು, ವ್ರತ ಬದಲಾಗಬೇಕಾಗಿಲ್ಲ. ಅಂತೆಯೇ ವ್ರತದ ಹಿರಿಮೆಯನ್ನು ಕಾಯಲು ರೋಗಿಯ ಪ್ರಾಣವನ್ನು ಅಪಾಯಕ್ಕೆ ಒಡ್ಡಬೇಕಾಗಿಲ್ಲ. ಜೀವದಯೆಯ ಲೆಕ್ಕದಲ್ಲಿ ಮನೆಯ ವೃದ್ಧರ ಜೀವವೂ ಒಂದು ಜೀವವೇ. ಸೂರ್ಯ ಮುಳುಗುವ ಮುನ್ನ ಅವರಿಗೆ ಹಿತಮಿತವಾದ ಊಟವನ್ನು ಬಡಿಸಿ, ಮುಳುಗಿದ ಮೇಲೆ ಬೇಕಾದ ಮಾತ್ರೆಯನ್ನು ನೀರಿನೊಡನೆ ಕೈಗಿಡುವ ಮನೆಯು ಎರಡು ಧರ್ಮಗಳನ್ನೂ ಪಾಲಿಸಿದಂತಾಗುತ್ತದೆ.